ಮಾದಕವಸ್ತು ತನಿಖೆಗೆ ಪ್ರತ್ಯೇಕ ತರಬೇತಿ ಬೇಕೇ?

ಪಿಎಸ್‌ಐ ಆಗಿ ಕೊಡಗಿಗೆ ಬರಲಿರುವ ತಾವು, ಮಾದಕವಸ್ತು ಪ್ರಕರಣಗಳಿಗೆಂದೇ ತರಬೇತಿ ಕೇಂದ್ರಗಳಿವೆಯೇ, ಅವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ನಾನು ಪೊಲೀಸನಲ್ಲ, ಮಡಿಕೇರಿಯಲ್ಲಿ ಆರೋಪಿಗಳ ಪರ ವಾದಿಸುವ ವಕೀಲ. ಆದ್ದರಿಂದ ತನಿಖೆ ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಎದುರು ಬದಿಯಿಂದ ಬಲ್ಲೆ.

ಕೇಂದ್ರಗಳೇನೋ ಇವೆ. ಕಸ್ಟಮ್ಸ್, ಪರೋಕ್ಷ ತೆರಿಗೆ ಮತ್ತು ಮಾದಕವಸ್ತು ನಿಯಂತ್ರಣದ ರಾಷ್ಟ್ರೀಯ ಅಕಾಡೆಮಿಯ ಹೊಸ ಆವರಣ ಆಂಧ್ರದ ಪಾಲಸಮುದ್ರದಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಅದು ಮುಖ್ಯವಾಗಿ ಕೇಂದ್ರ ಸರ್ಕಾರದ ಕಂದಾಯ ಇಲಾಖೆಯ ಅಧಿಕಾರಿಗಳಿಗಾಗಿ ಇರುವಂಥದ್ದು. ವಾಸನೆ ಹಿಡಿಯುವ ನಾಯಿಗಳಿಗೆ ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ಕೇಂದ್ರವಿದೆ. ಠಾಣೆಯ ಅಧಿಕಾರಿಗೆ ಮಾತ್ರ ಮಾದಕವಸ್ತು ಕಾನೂನು ಮೂಲ ತರಬೇತಿಯಲ್ಲಿ ಕಲಿಯುವ ಹಲವು ಕಾನೂನುಗಳಲ್ಲಿ ಒಂದು. ಅಷ್ಟು ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ, ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ಕಠಿಣವಾಗಿರುವಷ್ಟೇ ಜಪ್ತಿಯ ವಿಧಾನವೂ ಕಟ್ಟುನಿಟ್ಟಾಗಿದೆ. ಮಾಹಿತಿ ಬಂದೊಡನೆ ಅದನ್ನು ಬರೆದಿಟ್ಟು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳಿಸಬೇಕೆನ್ನುತ್ತದೆ 42ನೇ ಕಲಮು. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತನ್ನ ಮೈ ಶೋಧಿಸುವಂತೆ ಕೇಳುವ ಹಕ್ಕು 50ನೇ ಕಲಮಿನಡಿ ಆರೋಪಿಗಿದ್ದು, ಅದನ್ನು ಅವನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲೂ 2010ರಲ್ಲೂ ಹೇಳಿದೆ. ಕೈಯಲ್ಲಿರುವ ಚೀಲದ ಶೋಧನೆಗೆ ಈ ಕಲಮು ಅನ್ವಯಿಸದು. ಮೈ ಯಾವುದು, ಚೀಲ ಯಾವುದು ಎಂಬ ವ್ಯತ್ಯಾಸವನ್ನು ಕೇರಳ ಗಡಿಯ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ನಡುರಾತ್ರಿ ಬಸ್ಸು ನಿಲ್ಲಿಸಿದಾಗ ಪುಸ್ತಕ ತೆರೆದು ನೋಡಲಾಗುವುದಿಲ್ಲ.

ನಾನು ವಾದಿಸಿದ ಒಂದು ಪ್ರಕರಣದಲ್ಲಿ, ಕಾಫಿ ತೋಟದ ಅಂಚಿನಲ್ಲಿ ಬೆಳೆದ ಗಾಂಜಾ ಗಿಡಗಳನ್ನು ಮಳೆಯಲ್ಲೇ ಕಿತ್ತು, ಬೇರು, ಕಾಂಡ, ಎಲೆ, ಅಂಟಿದ ಮಣ್ಣು ಎಲ್ಲವನ್ನೂ ಸೇರಿಸಿ ತೂಗಿದ್ದರು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಅವುಗಳಿಂದ ಬೇರೆಯಾದ ಎಲೆ, ಬೀಜ ಗಾಂಜಾ ಅಲ್ಲ. 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಆಗ 37ನೇ ಕಲಮಿನಡಿ ಜಾಮೀನು ಬಹುತೇಕ ಸಿಗದು. ಹೀಗಾಗಿ ಆ ಹಸಿ ತೂಕದ ಮೇಲೆಯೇ ನನ್ನ ಇಡೀ ವಾದ ನಿಂತಿತು. ಆ ಅಧಿಕಾರಿ ಪ್ರಾಮಾಣಿಕರು, ತಿಂಗಳುಗಟ್ಟಲೆ ಶ್ರಮಪಟ್ಟವರು. ಪಾಟೀಸವಾಲಿನಲ್ಲಿ ಅವರು ಮೌನವಾದಾಗ ನನಗೆ ಗೆದ್ದ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು, ಏಕೆಂದರೆ ಹೀಗೆ ತೂಗಬಾರದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಹಾಗಾಗಿ ನಮ್ಮ ಜಿಲ್ಲೆಯ ಅಧಿಕಾರಿಗೆ ಬೇಕಾದುದು ತೋಟದಲ್ಲಿ, ಕಾರ್ಮಿಕರ ಲೈನ್‌ಮನೆಯಲ್ಲಿ, ಸುರಿವ ಮಳೆಯಲ್ಲಿ ಅಣಕು ಜಪ್ತಿ ನಡೆಸಿ, ಆ ಮಹಜರನ್ನು (ಸ್ಥಳದಲ್ಲೇ ಬರೆಯುವ ಜಪ್ತಿಯ ದಾಖಲೆಯನ್ನು) ಅನುಭವಿ ವಕೀಲರಿಂದ ಪಾಟೀಸವಾಲಿಗೆ ಒಳಪಡಿಸುವ ತರಬೇತಿ. 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಸಮಕ್ಷಮ ಮಾದರಿ ತೆಗೆಯುವುದು, ಅರಗಿನ ಮೊಹರು ಹಾಕುವುದು, 2024ರ ಜುಲೈನಿಂದ ಕಡ್ಡಾಯವಾದ ಶೋಧನೆಯ ವಿಡಿಯೋ ಚಿತ್ರೀಕರಣವನ್ನು ನೆಟ್‌ವರ್ಕ್ ಸಿಗದ ಕಾಡಂಚಿನಲ್ಲೂ ಮಾಡುವುದು, ಇವೆಲ್ಲ ಕೈಯಿಂದ ಮಾಡಿಯೇ ಬರಬೇಕಾದ ಕೆಲಸಗಳು. ಅಂಥ ತರಬೇತಿ ಸಿಗುವವರೆಗೆ, ತಾವು ಮಡಿಕೇರಿಯ ವಿಶೇಷ ನ್ಯಾಯಾಲಯದಲ್ಲಿ ಕೆಲವು ದಿನ ಕುಳಿತು ಸಾಕ್ಷಿ ವಿಚಾರಣೆಯನ್ನು ಕೇಳಿ. ಖುಲಾಸೆಯಾದ ಪ್ರಕರಣಗಳ ತೀರ್ಪುಗಳನ್ನು ಮೊದಲು ಓದಿ.