ನಿಮಗೆ ತುಂಬಾ ಇಷ್ಟವಾದ ಹಾಡುಗಳು ಯಾವುವು? ಅವು ನಿಮಗೆ ಮೊದಲು ಸಿಕ್ಕಿದ್ದು ಹೇಗೆ?

ಒಂದು ವಿಚಿತ್ರ ಹೇಳ್ತೀನಿ. ನನಗೆ ಜಾಸ್ತಿ ಇಷ್ಟವಾದ ಹಾಡುಗಳೆಲ್ಲ ಮೊದಲ ಸಲ ಕಿವಿಗೆ ಬಿದ್ದಾಗ ಅರ್ಧಕ್ಕೇ ನಿಂತವು.

ಮೊದಲನೆಯದು ‘ಬಾನಲ್ಲು ನೀನೆ ಭುವಿಯಲ್ಲು ನೀನೆ’. 1976ರ ‘ಬಯಲು ದಾರಿ’ಯದು. ರಾಜನ್–ನಾಗೇಂದ್ರ ಸಂಗೀತ, ಹಾಡಿದ್ದು ಎಸ್. ಜಾನಕಿ. ನಮ್ಮೂರು ತರೀಕೆರೆ ಹತ್ತಿರ. ಮನೆಯಲ್ಲಿ ಚರ್ಮದ ಕವರಿನ ಒಂದು ಟ್ರಾನ್ಸಿಸ್ಟರ್ ಇತ್ತು, ಭದ್ರಾವತಿ ಆಕಾಶವಾಣಿ ಚೆನ್ನಾಗಿ ಸಿಗುತ್ತಿತ್ತು. ಸೆಲ್ ಮುಗಿಯುತ್ತಾ ಬಂದರೆ ತಕ್ಷಣ ಹೊಸದು ತರುವ ಮಾತೇ ಇಲ್ಲ. ಅಮ್ಮ ಅವನ್ನು ತೆಗೆದು ಅಂಗಳದಲ್ಲಿ ಹಪ್ಪಳದ ಪಕ್ಕ ಒಣಗಲು ಇಡುತ್ತಿದ್ದರು. ಬಿಸಿಲು ಕಾದ ಸೆಲ್ಲಿಗೆ ಹತ್ತು ನಿಮಿಷ ಜೀವ ಬರುತ್ತಿತ್ತು, ಅಷ್ಟೇ. ಆ ಹತ್ತು ನಿಮಿಷದಲ್ಲೇ ಒಂದು ದಿನ ಈ ಹಾಡು ಬಂತು. ಒಂದು ಚರಣ ಮುಗಿಯುವ ಹೊತ್ತಿಗೆ ಜಾನಕಿಯಮ್ಮನ ಧ್ವನಿ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ, ಕೊನೆಗೆ ಬರೀ ಗೊರಗೊರ. ನಾನು ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದೆ. “ಬಿಡೋ, ನಾಳೆ ಮತ್ತೆ ಹಾಕ್ತಾರೆ” ಅಂದರು ಅಮ್ಮ.

ನಾಳೆ ಹಾಕಲಿಲ್ಲ.

ಉಳಿದದ್ದು ಕೇಳಿದ್ದು ಎಷ್ಟೋ ವರ್ಷದ ಮೇಲೆ, ಕಡೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ಹೋಟೆಲಿನ ರೇಡಿಯೋದಲ್ಲಿ. ಹಾಡು ಮಧ್ಯಕ್ಕೆ ಬಂದಿತ್ತು, ಬಸ್ಸೂ ಬಂತು. ನಾನು ಹತ್ತಲಿಲ್ಲ. ಮುಂದಿನ ಬಸ್ಸು ಒಂದೂವರೆ ಗಂಟೆ ಬಿಟ್ಟು, ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು. ಈಗ ಫೋನಿನಲ್ಲಿ ಬೇಕಾದಾಗ ಕೇಳಬಹುದು ಅಲ್ವಾ, ಆದರೂ ಆ ಚರಣ ಮುಗಿಯುತ್ತಿದ್ದ ಹಾಗೆ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ.

ಎರಡನೆಯದರಲ್ಲಿ ನನ್ನ ಮರ್ಯಾದೆ ಹೋಯಿತು. ಪುಣೆಯಲ್ಲಿ ಕೆಲಸದಲ್ಲಿದ್ದೆ. ಐಡಿಯಾ ಮೊಬೈಲಿನ ಜಾಹೀರಾತಿನಲ್ಲಿ ಒಂದು ಟ್ಯೂನ್ ಬರುತ್ತಿತ್ತಲ್ಲ, ಅದು ಟಿವಿಯಲ್ಲಿ ಬಂದರೆ ಸಾಕು, ಊಟ ಬಿಟ್ಟು ಕೇಳುತ್ತಿದ್ದೆ. ಯಾರೋ ಮುಂಬಯಿಯವರು ಜಾಹೀರಾತಿಗೆ ಅಂತಲೇ ಮಾಡಿದ್ದು ಅಂದುಕೊಂಡಿದ್ದೆ. ಪಕ್ಕದ ಸೀಟಿನ ಮಧುರೈ ಹುಡುಗನಿಗೆ ಇಳಯರಾಜ ಹುಚ್ಚು. ಅವನು ನಕ್ಕುಬಿಟ್ಟ. “ಅದು ನಿಮ್ಮ ಕನ್ನಡ ಸಿನಿಮಾದ್ದೇ ಅಲ್ವಾ?” ಅಂದ. ನಾನು ಬೆಟ್ ಕಟ್ಟಿದೆ. ಸೋತೆ. ‘ಪಲ್ಲವಿ ಅನುಪಲ್ಲವಿ’, 1983, ಮಣಿರತ್ನಂ ಮಾಡಿದ ಮೊದಲ ಸಿನಿಮಾ, ಅನಿಲ್ ಕಪೂರ್ ಹೀರೋ. ಅದರ ಹಿನ್ನೆಲೆ ಸಂಗೀತವನ್ನೇ ಜಾಹೀರಾತಿಗೆ ತೆಗೆದುಕೊಂಡಿದ್ದರು. ಕನ್ನಡದವನಿಗೆ ಕನ್ನಡದ ಟ್ಯೂನನ್ನು ತಮಿಳಿನವನು ಹೇಳಿಕೊಡಬೇಕಾಯ್ತು, ಅದೂ ಮರಾಠಿ ಊರಿನಲ್ಲಿ. ಅವತ್ತೇ ಅವನು ‘ನಗುವಾ ನಯನ’ ಹಾಕಿದ. ಇಯರ್‌ಫೋನಿನ ಒಂದು ಕಡೆ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಎಸ್‌ಪಿಬಿ, ಜಾನಕಿ ಇಬ್ಬರೂ ಹಾಡಿದ್ದಾರೆ, ನಾನು ಮಾತ್ರ ಎಡಗಿವಿಯ ಹಾಡಷ್ಟೇ ಕೇಳಿದೆ. ಅದೂ ಮ್ಯಾನೇಜರ್ ಬರುವವರೆಗೆ.

ಶಿವಮೊಗ್ಗ ಸುಬ್ಬಣ್ಣನವರ ‘ಕಾಡು ಕುದುರೆ ಓಡಿ ಬಂದಿತ್ತಾ’ ಸಿಕ್ಕಿದ್ದು ಒಂದು ಮದುವೆ ಮನೆಯ ಮೈಕಿನಲ್ಲಿ. ಅರ್ಧದಲ್ಲಿ ಹಾಡು ನಿಲ್ಲಿಸಿ, ಧಾರೆಗೆ ಟೈಮಾಯ್ತು, ಎಲ್ಲರೂ ಬನ್ನಿ ಅಂತ ಕೂಗಿದರು. ಕಂಬಾರರು ಬರೆದ ಈ ಹಾಡಿಗೆ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಆ ಗಂಟಲು ಕೇಳಿ ಯಾರೋ ಹಳ್ಳಿಯ ಲಾವಣಿ ಹಾಡುವವರು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ವಕೀಲರಂತೆ! ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವವರ ಒಳಗೆ ಆ ಕುದುರೆ ಎಲ್ಲಿತ್ತೋ.

ಹಳೇ ಹಾಡೇ ಹಾಡು ಅನ್ನುವವನಲ್ಲ ನಾನು. ಆದರೆ ‘ಅನಿಸುತಿದೆ ಯಾಕೋ ಇಂದು’ ನೋಡಿ, ‘ಮುಂಗಾರು ಮಳೆ’ ಬಂದ ಆ ಕಾಲದಲ್ಲಿ ಆಟೋದಲ್ಲಿ ಅದೇ, ದರ್ಶಿನಿಯಲ್ಲಿ ಅದೇ, ಕಾಲರ್ ಟ್ಯೂನೂ ಅದೇ. ಬೇಡ ಅಂದರೂ ಪೂರ್ತಿ ಕೇಳಿಸುತ್ತಿದ್ದರು. ಪಾಪ, ಒಳ್ಳೆಯ ಹಾಡೇ. ಹಂಬಲಿಸಲು ನನಗೆ ಪುರಸೊತ್ತೇ ಕೊಡಲಿಲ್ಲ.

ಇನ್ನೊಂದು ಬಾಕಿ ಇದೆ, ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಚಾರ್ಮಾಡಿ ಘಾಟಿ ಇಳಿದು ಎಳನೀರು ಕುಡಿಯುತ್ತಾ ನಿಂತಿದ್ದೆವು. ಪಕ್ಕದಲ್ಲಿ ನಿಂತ ಲಾರಿಯಲ್ಲಿ ಒಂದು ಕನ್ನಡ ಹಾಡು. ಹೆಣ್ಣು ಧ್ವನಿ, ಹಿಂದೆ ಕೊಳಲು, ಸಾಲಿನ ಕೊನೆಗೆ ‘ಹೊಳೆ’ ಅಂತಲೋ ‘ಮಳೆ’ ಅಂತಲೋ ಬರುತ್ತಿತ್ತು. ಡ್ರೈವರನ್ನು ಕೇಳೋಣ ಅಂತ ಎಳನೀರು ಕೆಳಗಿಟ್ಟು ಎರಡು ಹೆಜ್ಜೆ ಹಾಕಿದೆ, ಅಷ್ಟರಲ್ಲಿ ಅವನು ಗೇರ್ ಹಾಕಿದ.