ದೂರ ಓಡಿದರೆ ಮನಸ್ಸು ನಿಜವಾಗಿ ಗಟ್ಟಿಯಾಗುತ್ತದೆಯೇ?

ಆಗುತ್ತದೆ, ಆದರೆ ಆ ಕಷ್ಟದ ಹಿಡಿತ ನಿಮ್ಮ ಕೈಯಲ್ಲಿ ಇದ್ದರೆ ಮಾತ್ರ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೆಲಿಗ್ಮನ್ ಮತ್ತು ಮೇಯರ್ ನಾಯಿಗಳ ಮೇಲಿನ ಒಂದು ಪ್ರಯೋಗ ಪ್ರಕಟಿಸಿದರು (ಈಗ ಓದಿದರೆ ಹೊಟ್ಟೆ ಕಿವುಚುತ್ತದೆ). ಎರಡು ಗುಂಪಿಗೂ ಒಂದೇ ಅಳತೆಯ ಕರೆಂಟ್ ಶಾಕ್. ಒಂದು ಗುಂಪಿನವು ತಲೆಯಿಂದ ಹಲಗೆ ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಇನ್ನೊಂದಕ್ಕೆ ಆ ದಾರಿಯೇ ಇರಲಿಲ್ಲ. ಆಮೇಲೆ ಎರಡೂ ಗುಂಪಿನವು ತಡೆ ಹಾರಿ ಪಾರಾಗಬಹುದಾದ ಬೇರೆ ಜಾಗದಲ್ಲಿ ಶಾಕ್ ಕೊಟ್ಟಾಗ ಮೊದಲ ಗುಂಪಿನವು ಹಾರಿ ತಪ್ಪಿಸಿಕೊಂಡವು. ಎರಡನೇ ಗುಂಪಿನ ಬಹಳಷ್ಟು ನಾಯಿಗಳು ಸುಮ್ನೆ ಮಲಗಿಬಿಟ್ಟವು.

ದೂರದ ಓಟ ಮೊದಲ ಗುಂಪಿನ ಕಷ್ಟದಂತೆ. ಕಲಬುರಗಿ ಕೋಟೆಯ ಸುತ್ತ ಓಡುವಾಗ ಏದುಸಿರು ಬಂದರೆ ವೇಗ ಇಳಿಸುತ್ತೀರಿ, ಉಸಿರು ಹದಕ್ಕೆ ಬರುತ್ತದೆ, ಮತ್ತೆ ಓಡುತ್ತೀರಿ. ಹೀಗೆ ನೂರು ಸಲ ಆದ ಮೇಲೆ ಎದೆ ಡವಡವ ಅಂದರೂ ಮೊದಲಿನಷ್ಟು ಗಾಬರಿಯಾಗುವುದಿಲ್ಲ. ಪರೀಕ್ಷೆ ಹಾಲ್‌ನಲ್ಲಿ ಆಗುವುದೂ ಅದೇ ಡವಡವ ಅಲ್ವಾ?

ಹಾಗಂತ ಮೇ ತಿಂಗಳ ಮಧ್ಯಾಹ್ನ ನಮ್ಮೂರಿನ 42 ಡಿಗ್ರಿ ಬಿಸಿಲಿಗೆ ಇಳಿಯಬೇಡಿ. ಅದು ಬರೀ ಹುಂಬತನ. ಬೆಳಿಗ್ಗೆ 6ಕ್ಕೇ ಹೊರಡಿ, ದೂರವನ್ನು ವಾರಕ್ಕೆ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಏರಿಸಬೇಡಿ.