ಮ್ಯಾಂಚೆಸ್ಟರ್‌ನ ಹಳೆಯ ಕ್ಲಬ್‌ಗಳನ್ನು ಕಂಡವರು ಇದ್ದೀರಾ? ಹಾಸಿಯೆಂಡಾ ಈಗಲೂ ಇದೆಯಾ?

ಓದಲು ಮ್ಯಾಂಚೆಸ್ಟರ್‌ಗೆ ಹೊರಟಿದ್ದೀರಿ, ತೊಂಬತ್ತರ ದಶಕದ ಕ್ಲಬ್‌ಗಳ ಬಗ್ಗೆ ಕೇಳಿದ್ದೀರಿ. ಹಾಸಿಯೆಂಡಾ ಈಗಿಲ್ಲ. ಅದನ್ನು ಕಂಡ ನಾನು ಇದ್ದೇನೆ.

1995ರಲ್ಲಿ ದಾವಣಗೆರೆಯಿಂದ ಯುಮಿಸ್ಟ್‌ಗೆ ಟೆಕ್ಸ್‌ಟೈಲ್ ಓದಲು ಹೋದೆ. ಆ ಸಂಸ್ಥೆ ಈಗ ಮ್ಯಾಂಚೆಸ್ಟರ್ ಯೂನಿವರ್ಸಿಟಿಯಲ್ಲಿ ಸೇರಿಹೋಗಿದೆ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ವಾ, ಹಾಗಾಗಿ ಅಸಲಿ ಮ್ಯಾಂಚೆಸ್ಟರ್ ತುಂಬಾ ಮಿಲ್ಲುಗಳೇ ಇರುತ್ತವೆ ಅಂದುಕೊಂಡಿದ್ದೆ. ಮಿಲ್ಲುಗಳೇನೋ ಇದ್ದವು. ನಾನು ಒಳಹೊಕ್ಕ ಮೊದಲ ಮಿಲ್ಲಿನಲ್ಲಿ ಜನ ಕುಣಿಯುತ್ತಿದ್ದರು!

ಅದು ಮ್ಯಾಂಚೆಸ್ಟರ್‌ನ ಆನ್‌ಕೋಟ್ಸ್ ಬಡಾವಣೆಯ ಹಳೆಯ ಬೀಹೈವ್ ಮಿಲ್. 1994ರಲ್ಲಿ ಅಲ್ಲಿ ಸ್ಯಾಂಕೀಸ್ ಸೋಪ್ ಅನ್ನೋ ಕ್ಲಬ್ ಶುರುವಾಗಿತ್ತು. ರೂಮ್‌ಮೇಟ್ ಎಳೆದುಕೊಂಡು ಹೋದ. ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ, ಸಿಗರೇಟಿನ ಹೊಗೆ. ಇಲ್ಲಿ ಮೊದಲು ಹತ್ತಿ ಹಿಂಜುವ ಕಾರ್ಡಿಂಗ್ ಇತ್ತೋ ನೂಲು ತೆಗೆಯುವ ಸ್ಪಿನ್ನಿಂಗೋ ಅಂತ ನಾನು ಸೂರು ನೋಡುತ್ತಾ ನಿಂತಿದ್ದೆ. ಆಗ ಬೀಟ್ ಶುರುವಾಯಿತು.

ನಮ್ಮಪ್ಪ ಲೂಮ್ ಶೆಡ್‌ನಲ್ಲಿ ದುಡಿದವರು. ಚಿಕ್ಕವನಿದ್ದಾಗ ಅವರಿಗೆ ಬುತ್ತಿ ಕೊಡಲು ಹೋಗುತ್ತಿದ್ದೆ. ಶೆಡ್ ಬಾಗಿಲು ತೆರೆದರೆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಸ್ಯಾಂಕೀಸ್‌ನಲ್ಲೂ ಅದೇ ಧಡ್ ಧಡ್, ಅದೇ ಬಿಡುವಿಲ್ಲದ ಲಯ. ಶೆಡ್‌ನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ, ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಲ್ಯಾಂಕಷೈರ್‌ನ ಮಿಲ್ ಹೆಂಗಸರೂ ಹಾಗೇ ಮಾತಾಡುತ್ತಿದ್ದರು, ಅದಕ್ಕೆ ಅಲ್ಲಿ ಮೀ-ಮಾ ಅನ್ನೋ ಹೆಸರೇ ಇದೆ. ಅವತ್ತು ರಾತ್ರಿ ಪಕ್ಕದ ಹುಡುಗ ಏನೋ ಕೂಗಿದ. ನಮ್ಮ ಗುಂಪಿನಲ್ಲಿ ಯಾರಿಗೂ ಕೇಳಿಸಲಿಲ್ಲ. ತುಟಿ ನೋಡಿ ನಾನು ಹೇಳಿದೆ, ‘ನೀರು ಬೇಕಂತೆ ಕಣೋ’.

ಈ ನೀರಿನ ಕಥೆಯೇ ಹಾಸಿಯೆಂಡಾದ ಕಥೆ ಕೂಡ. ದೋಣಿಗಳ ಶೋರೂಮ್ ಆಗಿದ್ದ ಜಾಗದಲ್ಲಿ 1982ರ ಮೇನಲ್ಲಿ ಅದನ್ನು ತೆರೆದಿದ್ದು ಒಂದು ರೆಕಾರ್ಡ್ ಕಂಪನಿ ಮತ್ತು ನ್ಯೂ ಆರ್ಡರ್ ಬ್ಯಾಂಡ್. ಕಂಪನಿಯ ಹೆಸರೇನು ಗೊತ್ತಾ? ಫ್ಯಾಕ್ಟರಿ! ಬ್ಯಾಂಡಿನ ರೆಕಾರ್ಡ್ ಮಾರಿ ಬಂದ ದುಡ್ಡೆಲ್ಲ ಕ್ಲಬ್ಬಿನ ಹೊಟ್ಟೆ ಸೇರುತ್ತಿತ್ತು. ಮೊದಲ ವರ್ಷಗಳಲ್ಲಿ ಎಷ್ಟೋ ರಾತ್ರಿ ಖಾಲಿ ಹೊಡೆಯುತ್ತಿತ್ತಂತೆ. ಎಂಬತ್ತರ ದಶಕದ ಕೊನೆಗೆ ಅಮೆರಿಕದ ಶಿಕಾಗೋ, ಡೆಟ್ರಾಯ್ಟ್ ಕಡೆಯ ಹೌಸ್, ಟೆಕ್ನೋ ಅನ್ನೋ ಕುಣಿತದ ಸಂಗೀತ ಬಂದ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೆ ಬಂದವರು ಎಕ್ಸ್‌ಟಸಿ ಅನ್ನೋ ಮಾದಕ ಮಾತ್ರೆ ನುಂಗಿ ಕುಣಿಯುತ್ತಿದ್ದರು, ಕುಡಿಯುತ್ತಿದ್ದದ್ದು ಬರೀ ನೀರು. ಕ್ಲಬ್ ಬದುಕುವುದು ಬಾರ್ ಮೇಲೆ ಅಲ್ವಾ? ಮಾತ್ರೆ ಮಾರುವ ಗ್ಯಾಂಗುಗಳೂ ಬಾಗಿಲಿಗೆ ಬಂದವು. 1991ರಲ್ಲಿ ಕೆಲವು ತಿಂಗಳು ಕ್ಲಬ್ ಮುಚ್ಚಿತ್ತು. ಮರುವರ್ಷ ಫ್ಯಾಕ್ಟರಿಯೂ ದಿವಾಳಿ ಎದ್ದಿತು.

ನಾನು ಅಲ್ಲಿಗೆ ಹೋಗಿದ್ದು ಎರಡೇ ಸಲ. ಕಂಬಗಳಿಗೆ ಹಳದಿ-ಕಪ್ಪು ಪಟ್ಟೆ ಬಳಿದಿದ್ದರು, ಕಾರ್ಖಾನೆಗಳಲ್ಲಿ ‘ಹುಷಾರು’ ಅಂತ ಬಳಿಯುತ್ತಾರಲ್ಲ, ಹಾಗೆ. ಸೌಂಡ್ ಮಾತ್ರ ಎತ್ತರದ ಸೂರಿಗೆ ಬಡಿದು ಕಲಸುಮೇಲೋಗರ. ಅಭಿಮಾನಿಗಳು ಬೈದರೂ ಪರವಾಗಿಲ್ಲ, ನನಗೆ ಸ್ಯಾಂಕೀಸೇ ಜಾಸ್ತಿ ಇಷ್ಟ.

1997ರಲ್ಲಿ ಹಾಸಿಯೆಂಡಾ ಮುಚ್ಚಿತು. ಆಮೇಲೆ ಕಟ್ಟಡ ಕೆಡವಿ ಅದೇ ಹೆಸರಿನ ಅಪಾರ್ಟ್‌ಮೆಂಟ್ ಕಟ್ಟಿದರು. ಅದಿರುವ ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್‌ಗೆ ಹೋದರೆ ಕಟ್ಟಡದ ಹಿಂಬದಿಗೂ ಹೋಗಿ. ಕಾಲುವೆ ಬದಿಯ ಗೋಡೆಯಲ್ಲಿ ಕ್ಲಬ್ಬಿನ ಇತಿಹಾಸ ವರ್ಷವಾರು ಬರೆದಿದ್ದಾರೆ.

ಇನ್ನೊಂದು ಮಾತು. ಕ್ಲಬ್ಬಿನಲ್ಲಿ ಕೋಟ್ ಬಿಚ್ಚಿ ಇಡಲು ಕೊಡುವ ದುಡ್ಡು ಉಳಿಸಲು ಹೋಗಬೇಡಿ. ನಾನು ಸುಮ್ನೆ ಸ್ವೆಟರ್‌ನಲ್ಲಿ ಹೋಗಿ, ಬೆವರಿನಲ್ಲಿ ತೊಯ್ದು, ರಾತ್ರಿ ಎರಡು ಗಂಟೆಗೆ ರಶೋಮ್ ಬಡಾವಣೆವರೆಗೆ ನಡುಗುತ್ತಾ ನಡೆದಿದ್ದೇನೆ. ಕಿವಿಗೂ ಏನಾದರೂ ಇಟ್ಟುಕೊಳ್ಳಿ. ಅಪ್ಪ ಶೆಡ್‌ಗೆ ಹೋಗುವಾಗ ಹತ್ತಿ ಇಟ್ಟುಕೊಳ್ಳುತ್ತಿದ್ದರು.